ಬಿ.ಎ. ಮಕ್ಕಳ ಕೈಗೆ ಅಢಾವೆ ಪತ್ರಿಕೆ ಕೊಡಿ

ವರ್ಷಕ್ಕೊಮ್ಮೆಯಾದರೂ ಯಾವುದೋ ಒಂದು ಸಂಸ್ಥೆಯವರು ನಮ್ಮ ಕಾಲೇಜಿಗೆ ಬರುತ್ತಾರೆ. ಪ್ರಾಂಶುಪಾಲರ ಕೊಠಡಿಯಲ್ಲಿ ಚಹಾ ಕುಡಿದು, ಮಕ್ಕಳಿಗೆ 'ಪ್ರಾಕ್ಟಿಕಲ್ ಫೈನಾನ್ಸ್' ಕಲಿಸುತ್ತೇವೆ, ಒಂದು ದಿನ ಸಭಾಂಗಣ ಬಿಟ್ಟುಕೊಡಿ ಎನ್ನುತ್ತಾರೆ. ಪ್ರಾಕ್ಟಿಕಲ್ ಅಂದರೆ ಏನು ಮಾಡಿಸುತ್ತೀರಿ ಎಂದು ಕೇಳಿದರೆ ಉತ್ತರ ಹೆಚ್ಚೂಕಡಿಮೆ ಒಂದೇ: ಎಲ್ಲರ ಮೊಬೈಲಿಗೂ ಒಂದು ಆ್ಯಪ್ ಹಾಕಿಸುವುದು, ಅದರಲ್ಲಿ ಹತ್ತು ಲಕ್ಷ ರೂಪಾಯಿ ಸುಳ್ಳು ಹಣ ತುಂಬಿಸುವುದು, ಸಂಜೆಯೊಳಗೆ ಷೇರು ಕೊಂಡು ಮಾರಿ ಯಾರು ಹೆಚ್ಚು ಲಾಭ ತೋರಿಸುತ್ತಾರೋ ಅವರಿಗೊಂದು ಬ್ಲೂಟೂತ್ ಸ್ಪೀಕರ್ ಕೊಡುವುದು. ಮಕ್ಕಳಿಗೆ ಖುಷಿ, ಕಾಲೇಜಿನ ನ್ಯಾಕ್ ಮಾನ್ಯತೆಯ ಕಡತಕ್ಕೊಂದು ಫೋಟೊ, ಸಂಸ್ಥೆಗೆ ಒಂದಷ್ಟು ಹೊಸ ಮೊಬೈಲ್ ನಂಬರು.

ಇದನ್ನು ಶಿಕ್ಷಣ ಎಂದು ಕರೆಯಲು ನನಗೆ ಮನಸ್ಸಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಒಂದು ಅಧ್ಯಯನ ಪ್ರಕಟಿಸಿತು. ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗೆ ಇಳಿದ ಬಿಡಿ ಹೂಡಿಕೆದಾರರಲ್ಲಿ ನೂರಕ್ಕೆ 93 ಮಂದಿ ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಹಣ ಕಳೆದುಕೊಂಡಿದ್ದರು. ಎಲ್ಲರದೂ ಸೇರಿ ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಹೀಗೆ ವಹಿವಾಟು ಮಾಡುವವರಲ್ಲಿ ಮೂವತ್ತು ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ ಶೇ 43ಕ್ಕೆ ಏರಿತ್ತು. ಅಂದರೆ ಕಾಲೇಜು ಬಿಟ್ಟ ಮರುವರ್ಷವೇ, ಕೆಲವೊಮ್ಮೆ ಕಾಲೇಜಿನಲ್ಲಿ ಇರುವಾಗಲೇ, ನಮ್ಮ ಹುಡುಗರು ಆ ಕಣಕ್ಕೆ ಇಳಿಯುತ್ತಿದ್ದಾರೆ. ಸುಳ್ಳು ಹಣದ ಪಂದ್ಯದಲ್ಲಿ ಗೆದ್ದ ಹುಡುಗನಿಗೆ ಸಿಗುವ ಪಾಠ ಒಂದೇ: ತನಗೆ ಇದು ಬರುತ್ತದೆ ಎಂಬ ನಂಬಿಕೆ.

ನಾನು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಕಲಾ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವಳು. ನನ್ನ ಮುಂದೆ ಕೂರುವವರು ಇತಿಹಾಸ, ಸಮಾಜಶಾಸ್ತ್ರ, ಐಚ್ಛಿಕ ಕನ್ನಡದ ಜೊತೆಗೆ ಅರ್ಥಶಾಸ್ತ್ರ ತೆಗೆದುಕೊಂಡ ಬಿ.ಎ. ಮಕ್ಕಳು. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತ, ಕೈಯಲ್ಲೊಂದು ಡಿಗ್ರಿಯೂ ಇರಲಿ ಎಂದು ಬಂದವರು ಅವರಲ್ಲಿ ಬಹಳ. ಇವರಿಗೇಕೆ ಹಣಕಾಸು, ಅದು ಕಾಮರ್ಸ್‌ನವರ ಕೆಲಸ ಎಂದು ಸಹೋದ್ಯೋಗಿಗಳೇ ಹೇಳುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ತೀರಾ ವಿರುದ್ಧ. ಹಣಕಾಸನ್ನು ಕೈಯಾರೆ ಮಾಡಿ ಕಲಿಯಲು ಕಲಾ ಕಾಲೇಜಿಗಿಂತ ಒಳ್ಳೆಯ ಜಾಗವಿಲ್ಲ. ಅದಕ್ಕೆ ಬೇಕಾದ ಪ್ರಯೋಗಶಾಲೆ ಕಾಲೇಜಿನ ಗೇಟಿನ ಆಚೆ, ಪೇಟೆ ಬೀದಿಯ ಉದ್ದಕ್ಕೂ ಸಿದ್ಧವಾಗಿದೆ.

ಈ ಹುಚ್ಚು ನನಗೆ ಮನೆಯಿಂದ ಬಂದದ್ದು. ಕುಂದಾಪುರದಲ್ಲಿ ನಮ್ಮ ಅಪ್ಪಯ್ಯ ಪಿಗ್ಮಿ ಕಲೆಕ್ಟ್ ಮಾಡುತ್ತಿದ್ದರು. ಪಿಗ್ಮಿ ನಮ್ಮ ಕರಾವಳಿಯ ಸೃಷ್ಟಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು, ಅದಕ್ಕಿನ್ನೂ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಉದ್ದ ಹೆಸರಿದ್ದಾಗ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿಗೇ ಬಂದು ಪಡೆಯುವ ಕ್ರಮ ಶುರುಮಾಡಿತು. ಅಪ್ಪಯ್ಯ ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯದ ತಿಂಗಳುಗಳಲ್ಲಿ ಮೀನು ಮಾರುವವರ ಬಳಿ ಕೈ ಚಾಚಬಾರದು, ಅದೇ ತಿಂಗಳಲ್ಲಿ ಕೊಡೆ ರಿಪೇರಿಯವನ ಬಳಿ ಎರಡು ಪಟ್ಟು ಕೇಳಬಹುದು ಎಂಬುದು ಅವರಿಗೆ ಗೊತ್ತಿತ್ತು. ಎಂ.ಎ.ಯಲ್ಲಿ ನಗದು ಹರಿವು ಎಂಬ ಅಧ್ಯಾಯ ಓದುವಾಗ ನನಗೆ ನೆನಪಾದದ್ದು ಅಪ್ಪಯ್ಯ ಪಿಗ್ಮಿ ಲೆಕ್ಕ ಬರೆಯುತ್ತಿದ್ದ ಸಣ್ಣ ಡೈರಿ.

ತರಗತಿಯಲ್ಲಿ ನಾನು ಮಾಡಿಸುವ ಮೊದಲ ಕೆಲಸ ಸರಳ. ಮನೆಯಲ್ಲಿ ಹಣದ ಸಂಖ್ಯೆ ಬರೆದ ಯಾವ ಕಾಗದವಿದ್ದರೂ ತನ್ನಿ, ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿ ತನ್ನಿ, ತರಲು ಇಷ್ಟವಿಲ್ಲದವರು ತರಬೇಡಿ. ಕೊನೆಯ ಮಾತು ಮುಖ್ಯ. ಬಡತನವನ್ನು ಬೆಂಚಿನ ಮೇಲೆ ಹರಡಿ ಕೂರಿಸುವ ಹಕ್ಕು ಯಾವ ಮೇಷ್ಟರಿಗೂ ಇಲ್ಲ. ತಾರದವರಿಗೆ ಕೊಡಲು ನನ್ನ ಬಳಿಯೇ ಒಂದಷ್ಟು ಹಳೆಯ ಕಾಗದಗಳಿರುತ್ತವೆ. ಬರುವ ಕಾಗದಗಳೋ ಒಂದಕ್ಕಿಂತ ಒಂದು ಬೇರೆ: ಬಂಗಾರ ಅಡವಿಟ್ಟ ರಸೀದಿ, ಅಡಿಕೆ ಮಂಡಿಯ ಪಟ್ಟಿ, ಎಲ್ಐಸಿ ಕಂತಿನ ಚೀಟಿ, ಸೊಸೈಟಿಯ ಪಾಸ್‌ಬುಕ್ಕು, ಅಮ್ಮನ ಖಾತೆಗೆ ಗೃಹಲಕ್ಷ್ಮಿಯ ಎರಡು ಸಾವಿರ ಬಂದ ಮೆಸೇಜಿನ ಸ್ಕ್ರೀನ್‌ಶಾಟ್, ಮತ್ತು ಈಚೆಗೆ ಪ್ರತಿ ಬೆಂಚಿನಲ್ಲೂ ಒಂದಾದರೂ ಮೈಕ್ರೊಫೈನಾನ್ಸಿನ ಸಾಲದ ಕಾರ್ಡು.

ಆ ಸಾಲದ ಕಾರ್ಡಿನ ಮೇಲೆ ನಾವು ಒಂದು ವಾರವಾದರೂ ಕೂರುತ್ತೇವೆ. ಒಂದು ಕಾರ್ಡಿನ ಲೆಕ್ಕ ಹೀಗಿತ್ತು: ಸಾಲ 50,000 ರೂಪಾಯಿ, 24 ತಿಂಗಳು, ತಿಂಗಳ ಕಂತು 2,583. ಬಡ್ಡಿ ಎಷ್ಟು ಎಂದು ಕೇಳಿದರೆ, 'ನೂರಕ್ಕೆ ಒಂದು ರೂಪಾಯಿ ಅಂತ ಹೇಳಿದ್ರಂತೆ ಮೇಡಂ' ಎಂದಳು ಹುಡುಗಿ. ಅಂದರೆ ವರ್ಷಕ್ಕೆ ಶೇ 12. ಇಡೀ ತರಗತಿ ಗುಣಿಸಿತು. ಐವತ್ತು ಸಾವಿರಕ್ಕೆ ತಿಂಗಳಿಗೆ ಐನೂರು, ಇಪ್ಪತ್ನಾಲ್ಕು ತಿಂಗಳಿಗೆ ಹನ್ನೆರಡು ಸಾವಿರ, ಒಟ್ಟು 62,000, ಅದನ್ನು 24ರಿಂದ ಭಾಗಿಸಿದರೆ 2,583. ಲೆಕ್ಕ ಸರಿಯಾಗಿದೆ, ಸೊಸೈಟಿಗಿಂತ ತುಸು ಹೆಚ್ಚು ಅಷ್ಟೆ ಎಂದು ಎಲ್ಲರೂ ಪುಸ್ತಕ ಮುಚ್ಚುವವರಿದ್ದರು. ಹಿಂದಿನ ಬೆಂಚಿನಿಂದ ಸಮಾಜಶಾಸ್ತ್ರದ ಇನ್ನೊಬ್ಬ ಹುಡುಗಿ ಕೇಳಿದಳು: 'ಕೊನೇ ತಿಂಗಳು ನಮ್ಮ ಹತ್ರ ಅವರ ದುಡ್ಡು ಇರೋದೇ ಎರಡೂವರೆ ಸಾವಿರ ಅಲ್ವಾ ಮೇಡಂ? ಅದಕ್ಕೂ ಐನೂರು ರೂಪಾಯಿ ಬಡ್ಡಿನಾ?'

ಇಡೀ ಸೆಮಿಸ್ಟರಿನಲ್ಲಿ ನಾನು ಕಾಯುವುದು ಇಂಥ ಪ್ರಶ್ನೆಗೆ. ಕಂತು ಕಟ್ಟುತ್ತ ಹೋದಂತೆ ಅಸಲು ಇಳಿಯುತ್ತದೆ, ಬಡ್ಡಿ ಮಾತ್ರ ಮೊದಲ ದಿನದ ಐವತ್ತು ಸಾವಿರದ ಮೇಲೇ ನಿಂತಿದೆ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿ ನೋಡಿದರೆ ಆ ಸಾಲದ ನಿಜವಾದ ಬಡ್ಡಿ ವರ್ಷಕ್ಕೆ ಸುಮಾರು ಶೇ 21.6. ಕಾರ್ಡಿನ ಹಿಂಬದಿ ನೋಡಿದರೆ ಸಂಸ್ಕರಣಾ ಶುಲ್ಕ, ವಿಮೆ ಎಂದು 1,500 ರೂಪಾಯಿ ಮೊದಲೇ ಹಿಡಿದುಕೊಂಡಿದ್ದರು. ಕೈಗೆ ಬಂದದ್ದು 48,500. ಅದನ್ನೂ ಸೇರಿಸಿದರೆ ದರ ಶೇ 25ರ ಹತ್ತಿರ ಹೋಗುತ್ತದೆ. ಬಾಯಲ್ಲಿ ಹೇಳಿದ ಹನ್ನೆರಡು ಕಾಗದದಲ್ಲಿ ಇಪ್ಪತ್ತೈದಾಗಿತ್ತು. ಇದನ್ನು ಬೋರ್ಡಿನ ಮೇಲೆ ಸೂತ್ರ ಬರೆದು ವಿವರಿಸಿದ್ದರೆ ಪರೀಕ್ಷೆ ಮುಗಿದ ಮರುದಿನಕ್ಕೆ ಮರೆತುಹೋಗುತ್ತಿತ್ತು. ತಮ್ಮದೇ ಬೀದಿಯ ಕಾರ್ಡಿನಲ್ಲಿ ತಾವೇ ಕಂಡುಹಿಡಿದದ್ದನ್ನು ಅವರು ಮರೆಯುವುದಿಲ್ಲ.

ಅಲ್ಲಿಂದ ಮುಂದೆ ಕಾನೂನಿಗೆ ಹೋಗಲು ಯಾರನ್ನೂ ಒತ್ತಾಯಿಸಬೇಕಾಗಲಿಲ್ಲ. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ಕಿರುಸಾಲದ ನಿಯಮದ ಪ್ರಕಾರ, ವರ್ಷಕ್ಕೆ ಮೂರು ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಕಿರುಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತಿಲ್ಲ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಬಿಡಿ ಸಾಲ ಕೊಡುವಾಗ ಶುಲ್ಕವೆಲ್ಲ ಸೇರಿದ ವಾರ್ಷಿಕ ದರವನ್ನು ಬರೆದ ಮುಖ್ಯಾಂಶ ಪತ್ರವನ್ನು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ, ಕೊಡಲೇಬೇಕು. ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿಗಳು ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು. ನಮ್ಮ ಮಕ್ಕಳು ಇವನ್ನೆಲ್ಲ ಪತ್ರಿಕೆಯಲ್ಲಿ ನೋಡಿದ್ದರು. ಆದರೆ ಅದು ತಮ್ಮ ಮನೆಯ ಕಾರ್ಡಿಗೆ ಸಂಬಂಧಿಸಿದ್ದು ಎಂದು ಯಾರಿಗೂ ಹೊಳೆದಿರಲಿಲ್ಲ.

ಇದೇ ಕಾರ್ಡನ್ನು ಬಿ.ಕಾಂ. ತರಗತಿಯಲ್ಲಿ ಕೊಟ್ಟರೆ ದರ ಇನ್ನೂ ಬೇಗ ಸಿಕ್ಕೀತು. ಅದಕ್ಕೆ ನಾನು ತಕರಾರು ತೆಗೆಯುವುದಿಲ್ಲ. ಆದರೆ ನನ್ನ ಸಮಾಜಶಾಸ್ತ್ರದ ಮಕ್ಕಳು ಲೆಕ್ಕ ಮುಗಿದ ಮೇಲೆ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದರು: ಸಾಲ ಯಾರ ಹೆಸರಲ್ಲಿದೆ, ಹಣ ಯಾರ ಕೈಗೆ ಹೋಯಿತು, ಕಂತು ಯಾರು ಕಟ್ಟುತ್ತಿದ್ದಾರೆ. ಮೊದಲ ಕಾಲಮ್ಮಿನ ತುಂಬ ಹೆಂಗಸರ ಹೆಸರು. ಎರಡನೆಯದರಲ್ಲಿ ಗಂಡನ ಆಟೊ, ಮಗನ ಬೈಕು, ಭಾವನ ಹಳೆಯ ಸಾಲ. ಮೂರನೆಯದರಲ್ಲಿ ಮತ್ತೆ ಹೆಂಗಸರು. ಇದು ಯಾವ ಹಣಕಾಸು ಪಠ್ಯಪುಸ್ತಕದ ಕೋಷ್ಟಕದಲ್ಲೂ ಇಲ್ಲ, ಆದರೆ ಸಾಲ ತೀರುವುದೂ ತೀರದಿರುವುದೂ ನಿಂತಿರುವುದು ಅದರ ಮೇಲೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಲೆಕ್ಕ ಗೊತ್ತಾದ ಮಾತ್ರಕ್ಕೆ ಸಾಲ ತಪ್ಪುವುದಿಲ್ಲ. ಆ ಕಾರ್ಡು ತಂದ ಹುಡುಗಿಯ ತಾಯಿ ಮುಂದಿನ ಸಾಲವನ್ನೂ ತೆಗೆದುಕೊಂಡರು, ದರ ಇಪ್ಪತ್ತೈದು ಎಂದು ಗೊತ್ತಿದ್ದೂ ತೆಗೆದುಕೊಂಡರು, ಯಾಕೆಂದರೆ ಮಗನ ಐಟಿಐ ಫೀಸಿಗೆ ಬೇರೆ ದಾರಿ ಇರಲಿಲ್ಲ. ಬಡವರ ಸಂಕಟಕ್ಕೆಲ್ಲ ಹಣಕಾಸಿನ ಅರಿವಿಲ್ಲದಿರುವುದೇ ಕಾರಣ ಎನ್ನುವ ಭಾಷಣಗಳನ್ನು ನಾನು ನಂಬುವುದಿಲ್ಲ. ಕೂಲಿ ಸಾಲದಿದ್ದರೆ ಅರಿವು ಹೊಟ್ಟೆ ತುಂಬಿಸದು. ಆದರೆ ಈ ಸಲ ಆಕೆ ಸಹಿ ಹಾಕುವ ಮುಂಚೆ ಕನ್ನಡದ ಮುಖ್ಯಾಂಶ ಪತ್ರ ಕೇಳಿ ಪಡೆದರು. ಕಾಲೇಜು ಮಾಡಬಹುದಾದದ್ದು ಅಷ್ಟು.

ಎರಡನೆಯ ಪ್ರಯೋಗ ಚೀಟಿಯದು. ನಮ್ಮ ಕಡೆ ಚೀಟಿ ಹಾಕದ ಮನೆ ಅಪರೂಪ. ಆದರೆ ನೋಂದಣಿಯಿಲ್ಲದ ಚೀಟಿ ನಡೆಸುವುದು ಕಾನೂನಿಗೆ ವಿರುದ್ಧ, ಕಾಲೇಜಿನಲ್ಲಂತೂ ಆಗದು. ಹಾಗಾಗಿ ನಾವು ಹುಣಸೆ ಬೀಜದಲ್ಲಿ ಆಡುತ್ತೇವೆ. ಇಪ್ಪತ್ತು ಮಕ್ಕಳು, ಒಬ್ಬೊಬ್ಬರಿಗೆ ನೂರು ಬೀಜ, ಪ್ರತಿ ಸುತ್ತಿಗೆ ಐದು ಬೀಜ ಹಾಕಬೇಕು. ಗಂಟು ನೂರು. ಒಬ್ಬೊಬ್ಬರಿಗೂ ಮಡಿಸಿದ ಒಂದು ಕಾಗದ ಕೊಟ್ಟಿರುತ್ತೇನೆ. ಅದರಲ್ಲಿ ಅವರ ಅವಶ್ಯಕತೆ ಬರೆದಿರುತ್ತದೆ. ಅಮ್ಮನ ಆಪರೇಷನ್, ತಂಗಿಯ ಮದುವೆ, ತೋಟಕ್ಕೆ ಪಂಪ್‌ಸೆಟ್, ಹೊಸ ಬೈಕು, ಕೆಲವರಿಗೆ ಏನೂ ಇಲ್ಲ. ಮೊದಲ ಹರಾಜಿನಲ್ಲೇ ಆಪರೇಷನ್ ಬಂದ ಹುಡುಗ 25 ಬೀಜ ಬಿಟ್ಟು 75ಕ್ಕೆ ಚೀಟಿ ಎತ್ತಿದ. ಬಿಟ್ಟ ಇಪ್ಪತ್ತೈದರಲ್ಲಿ ಐದು ಚೀಟಿ ನಡೆಸುವವನ ಕಮಿಷನ್, ಉಳಿದ ಇಪ್ಪತ್ತು ಸದಸ್ಯರಿಗೆ ತಲಾ ಒಂದು. ಏನೂ ಅವಶ್ಯಕತೆ ಇಲ್ಲದವರು ಸುಮ್ಮನೆ ಕೂತು ಪ್ರತಿ ಸುತ್ತಿಗೂ ಲಾಭ ಎಣಿಸಿಕೊಂಡರು. ಯಾರ ಕಷ್ಟ ಯಾರ ಗಳಿಕೆಯಾಗುತ್ತದೆ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ.

ಆಟ ಅರ್ಧಕ್ಕೆ ಬಂದಾಗ, ಮೊದಲೇ ಗುಟ್ಟಾಗಿ ಮಾತಾಡಿಕೊಂಡಿದ್ದಂತೆ, ಚೀಟಿ ನಡೆಸುತ್ತಿದ್ದ ಹುಡುಗ ಬೀಜದ ಡಬ್ಬಿ ಎತ್ತಿಕೊಂಡು ತರಗತಿಯಿಂದ ಓಡಿಹೋದ. ಆ ಗಲಾಟೆಗೆ ಪಕ್ಕದ ಕೊಠಡಿಯ ರಾಜ್ಯಶಾಸ್ತ್ರದ ಮೇಷ್ಟ್ರು ಎದ್ದು ಬಂದರು. ಚೀಟಿ ಎತ್ತಿಯಾದವರು ನಗುತ್ತಿದ್ದರು, ಎತ್ತದವರು ನಿಜಕ್ಕೂ ಸಿಟ್ಟಾಗಿದ್ದರು, ಬೀಜಕ್ಕೆ! ಆಮೇಲೆ 1982ರ ಚೀಟಿ ನಿಧಿ ಕಾಯ್ದೆಯನ್ನು ತೆರೆದರೆ ಒಂದೊಂದು ಸೆಕ್ಷನ್ನೂ ಅವರಿಗೆ ಅರ್ಥವಾಗುತ್ತದೆ. ನೋಂದಣಿ ಯಾಕೆ ಬೇಕು, ಚೀಟಿ ನಡೆಸುವವನು ಮೊದಲೇ ಭದ್ರತಾ ಠೇವಣಿ ಇಡಬೇಕೆಂದು ಯಾಕಿದೆ, ಕಮಿಷನ್ನಿಗೆ ಮಿತಿ ಯಾಕೆ, ಅದನ್ನು 2019ರಲ್ಲಿ ಶೇ 5ರಿಂದ 7ಕ್ಕೆ ಏರಿಸಿದ್ದರಿಂದ ಯಾರಿಗೆ ಲಾಭ. ಅದೇ 2019ರಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಸಂಸ್ಥೆ ಮುಳುಗಿ ಸಾವಿರಾರು ಕುಟುಂಬಗಳು ಬೀದಿಗೆ ಬಂದದ್ದನ್ನೂ ಆ ದಿನವೇ ಮಾತಾಡಿದೆವು.

ಸೊಸೈಟಿಯ ಮಾತಿಗೆ ಬರುತ್ತೇನೆ. ಹಣಕಾಸಿನ ವಿಷಯದಲ್ಲಿ ಕರ್ನಾಟಕದವರು ಯಾರಿಂದಲೂ ಹೇಳಿಸಿಕೊಳ್ಳಬೇಕಾದವರಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಗದಗದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದಕ್ಷಿಣ ಕನ್ನಡ ಒಂದರಿಂದಲೇ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. ಆಗ ಉಡುಪಿಯೂ ಅದರೊಳಗೇ ಇತ್ತು. 1973ರಲ್ಲಿ ಅಡಿಕೆ ಬೆಳೆಗಾರರು ಕ್ಯಾಂಪ್ಕೊ ಕಟ್ಟಿಕೊಂಡರು. ಇಷ್ಟಿದ್ದೂ ನಮ್ಮ ಪದವೀಧರರಿಗೆ ಸೊಸೈಟಿಯ ಅಢಾವೆ ಪತ್ರಿಕೆ, ಅಂದರೆ ಬ್ಯಾಲೆನ್ಸ್ ಶೀಟ್, ಓದಲು ಬರುವುದಿಲ್ಲ. ಅದಿರುವ ವಾರ್ಷಿಕ ವರದಿಯ ಪುಸ್ತಿಕೆ ವರ್ಷಕ್ಕೊಮ್ಮೆ ಮನೆಗೆ ಬರುತ್ತದೆ, ಒಲೆ ಹೊತ್ತಿಸಲು ಹೋಗುತ್ತದೆ.

ನಾವು ಅದನ್ನು ಓದುತ್ತೇವೆ. ಷೇರು ಬಂಡವಾಳ, ಠೇವಣಿ, ಆಪದ್ಧನ, ಸುಸ್ತಿ ಸಾಲ. ಮುಖಪುಟದ ಒಳಗೆ ಡಿವಿಡೆಂಡ್ ಎಷ್ಟು ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಸುಸ್ತಿ ಎಷ್ಟು ಎಂಬುದು ಕೊನೆಯ ಪುಟಗಳ ಅನುಬಂಧದಲ್ಲಿ ಇರುತ್ತದೆ. ಹಿಂದಿನ ವರ್ಷದ ಪುಸ್ತಿಕೆಯನ್ನು ಪಕ್ಕದಲ್ಲಿಟ್ಟು ಹೋಲಿಸುವುದೇ ಮುಕ್ಕಾಲು ಪಾಲು ವಿದ್ಯೆ. ಒಂದು ವರ್ಷ ಎರಡನೇ ಬಿ.ಎ. ಹುಡುಗನೊಬ್ಬ ಸದಸ್ಯನಲ್ಲದ್ದರಿಂದ ತಾನು ಕೇಳುವಂತಿಲ್ಲವೆಂದು ತನ್ನ ಅಜ್ಜನಿಗೆ ಒಂದು ಪ್ರಶ್ನೆ ಬರೆದುಕೊಟ್ಟ. ಸೆಪ್ಟೆಂಬರಿನ ಮಹಾಸಭೆಯಲ್ಲಿ ಅಜ್ಜ ಎದ್ದು ನಿಂತು ಓದಿದರು: ಸುಸ್ತಿ ಹೋದ ವರ್ಷಕ್ಕಿಂತ ಹೆಚ್ಚಾಗಿದೆ, ವಸೂಲಾಗದ ಸಾಲಕ್ಕೆಂದು ತೆಗೆದಿಟ್ಟ ಹಣ ಯಾಕೆ ಹೆಚ್ಚಾಗಿಲ್ಲ? ವೇದಿಕೆಯ ಮೇಲಿನಿಂದ ಬಂದ ಉತ್ತರ, 'ಊಟ ತಣ್ಣಗಾಗ್ತದೆ ಹೆಗಡೇರೆ, ಆಮೇಲೆ ಕೂತು ಮಾತಾಡುವ.' ಆಮೇಲೆ ಯಾರೂ ಕೂರಲಿಲ್ಲ. ಆದರೆ ಮರುವರ್ಷ ಸುಸ್ತಿಯ ಅಂಕಿ ಮುಂದಿನ ಪುಟಕ್ಕೆ ಬಂದಿತ್ತು.

ಇದೇ ಓದಿನಲ್ಲಿ ಮಕ್ಕಳಿಗೆ ಆಘಾತ ಕೊಡುವ ಸಂಗತಿ ಇನ್ನೊಂದಿದೆ. ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ 2020ರ ಫೆಬ್ರುವರಿಯಿಂದ ಒಬ್ಬರಿಗೆ ಐದು ಲಕ್ಷ ರೂಪಾಯಿವರೆಗೆ ವಿಮೆ ಇದೆ. ಪಟ್ಟಣ ಸಹಕಾರಿ ಬ್ಯಾಂಕಿಗೂ ಇದೆ. ಬ್ಯಾಂಕ್ ಅಲ್ಲದ ಪತ್ತಿನ ಸಹಕಾರ ಸಂಘಕ್ಕೆ, ಸೌಹಾರ್ದ ಸಹಕಾರಿಗೆ ಆ ವಿಮೆ ಇಲ್ಲ. ಎರಡರ ಬೋರ್ಡಿನಲ್ಲೂ ಸಹಕಾರಿ ಎಂಬ ಪದವಿದೆ, ಎರಡರ ಕೌಂಟರಿನಲ್ಲೂ ಅದೇ ಗಾಜು. ನಿವೃತ್ತಿಯ ಇಡುಗಂಟನ್ನು ಅರ್ಧ ಪರ್ಸೆಂಟ್ ಹೆಚ್ಚಿನ ಬಡ್ಡಿಗೆಂದು ಎಲ್ಲಿಟ್ಟಿದ್ದೇವೆ ಎಂದು ಆ ಸಂಜೆ ಎಷ್ಟೋ ಮನೆಗಳಲ್ಲಿ ವಿಚಾರಣೆ ನಡೆಯುತ್ತದೆ. ಹಾಗೆಂದು ಎಲ್ಲ ಸಂಘಗಳೂ ಅಪಾಯ ಎಂದು ನಾನು ಹೇಳುತ್ತಿಲ್ಲ. ಸಕಾಲಕ್ಕೆ ತೀರಿಸುವ ರೈತನಿಗೆ ಬಡ್ಡಿಯಿಲ್ಲದ ಬೆಳೆ ಸಾಲ ತಲುಪಿಸುತ್ತಿರುವುದು ಇವೇ ಸಂಘಗಳು. ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ತಿಳಿಯಲು ಪುಸ್ತಿಕೆ ಓದಬೇಕು ಎಂಬುದಷ್ಟೇ ನನ್ನ ಮಾತು.

ಹಣಕಾಸನ್ನು ಕೈಯಾರೆ ಮಾಡಿ ಕಲಿಯುವ ಈ ದಾರಿಯಲ್ಲಿ ಅಮೆರಿಕದ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳು ಬಹಳ ಹಿಂದೆಯೇ ಹೊರಟವು. ಪೆನ್ಸಿಲ್ವೇನಿಯಾದ ಲಫಾಯೆಟ್ ಕಾಲೇಜಿನಲ್ಲಿ 1946ರಿಂದ ವಿದ್ಯಾರ್ಥಿಗಳ ಹೂಡಿಕೆ ಸಂಘವಿದೆ. ಈಗ ಆ ದೇಶದ ನೂರಾರು ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ನಿಜವಾದ ಹಣವನ್ನೇ ನಿಭಾಯಿಸುತ್ತಾರೆ. ಹುಡುಗನೊಬ್ಬನಿಗೆ ಒಂದು ಕಂಪನಿ ಇಷ್ಟವಾದರೆ ಸಾಲದು, ವರದಿ ಬರೆದು ಗೆಳೆಯರ ಮುಂದೆ ಮಂಡಿಸಬೇಕು, ಅವರು ಎತ್ತುವ ಆಕ್ಷೇಪಕ್ಕೆ ಉತ್ತರಿಸಬೇಕು, ಆಮೇಲೆ ಮತಕ್ಕೆ ಹಾಕಬೇಕು. ನಷ್ಟವಾದರೆ ಅದು ಮುಂದಿನ ತಂಡದ ಪುಸ್ತಕದಲ್ಲಿ ಉಳಿಯುತ್ತದೆ. ನಮ್ಮಲ್ಲಿಗೆ ಬರುವ ಆ್ಯಪಿನ ಪಂದ್ಯದಲ್ಲಿ ಇಲ್ಲದ್ದು ಇದು: ಬೇರೆಯವರ ಹಣ, ಬೇರೆಯವರಿಗೆ ಕೊಡಬೇಕಾದ ಉತ್ತರ.

ಅಯೋವಾದ ಜೋಳದ ಹೊಲಗಳ ನಡುವಿನ ಗ್ರಿನೆಲ್ ಕಾಲೇಜಿನ ಕಥೆ ಇನ್ನೂ ಪ್ರಸಿದ್ಧ. ಅಲ್ಲೇ ಓದಿದ್ದ ರಾಬರ್ಟ್ ನಾಯ್ಸ್ 1968ರಲ್ಲಿ ಇಂಟೆಲ್ ಶುರುಮಾಡಿದಾಗ ಕಾಲೇಜು ಒಂದು ಲಕ್ಷ ಡಾಲರ್ ಹಾಕಿತು, ಅದರ ಇಬ್ಬರು ಟ್ರಸ್ಟಿಗಳು ತಲಾ ಒಂದೊಂದು ಲಕ್ಷ ಹಾಕಿದರು. ಆ ಹಣ ಹತ್ತಾರು ಪಟ್ಟಾಯಿತು. ಅದೇ ವರ್ಷ ಟ್ರಸ್ಟಿಯಾಗಿ ಬಂದವರು ವಾರೆನ್ ಬಫೆಟ್. ಇಂದು ಆ ಕಾಲೇಜಿನ ದತ್ತಿನಿಧಿ 200 ಕೋಟಿ ಡಾಲರ್ ಮೀರಿದೆ, ವಾಣಿಜ್ಯ ವಿಭಾಗವೇ ಇಲ್ಲದ ಕಾಲೇಜಿನಲ್ಲಿ! ಇದನ್ನು ಹೇಳಿದೊಡನೆ ನಮ್ಮವರು ಮುಂದಿನ ಇಂಟೆಲ್ ಯಾವುದು ಎಂದು ಹುಡುಕಲು ಶುರುಮಾಡುತ್ತಾರೆ. ಅದು ಅದೃಷ್ಟದ ಭಾಗ, ಅದನ್ನು ಬಿಡಿ. ಆ ನಿರ್ಧಾರ ಮಾಡಿದವರೂ ಟ್ರಸ್ಟಿಗಳು, ವಿದ್ಯಾರ್ಥಿಗಳಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ದತ್ತಿನಿಧಿ ಎಂಬ ಪದಾರ್ಥ. ಅದು ನಮ್ಮಲ್ಲೂ ಇದೆಯಲ್ಲ!

ಇದೆ, ಸಾವಿರ ವರ್ಷದಿಂದ ಇದೆ. ಇಂತಿಷ್ಟು ಗದ್ಯಾಣ ದತ್ತಿ, ಅದರ ಬಡ್ಡಿಯಿಂದ ದೇವರ ನಂದಾದೀಪಕ್ಕೆ ಎಣ್ಣೆ ಎಂದು ಬರೆಸಿದ ಶಾಸನಗಳನ್ನು ನಮ್ಮ ಇತಿಹಾಸದ ಮಕ್ಕಳು ಓದುತ್ತಾರೆ. ಅಸಲು ಮುಟ್ಟಬಾರದು, ಬಡ್ಡಿ ಮಾತ್ರ ಖರ್ಚು ಮಾಡಬೇಕು ಎಂಬ ತತ್ವ ಅಲ್ಲಿಯೇ ಇದೆ. ಪ್ರತಿ ಹಳೆಯ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಓದುವ ದತ್ತಿ ಬಹುಮಾನಗಳ ಪಟ್ಟಿ ಅದೇ ಶಾಸನದ ಮೊಮ್ಮಗ.

ನಮ್ಮ ಕಾಲೇಜಿನಲ್ಲಿ ನಿವೃತ್ತ ಮೇಷ್ಟರೊಬ್ಬರು 1992ರಲ್ಲಿ ತಮ್ಮ ತಾಯಿಯ ಹೆಸರಿನಲ್ಲಿ, ಐಚ್ಛಿಕ ಕನ್ನಡದಲ್ಲಿ ಹೆಚ್ಚು ಅಂಕ ಪಡೆದ ವಿದ್ಯಾರ್ಥಿನಿಗೆಂದು ಐದು ಸಾವಿರ ರೂಪಾಯಿ ಇಟ್ಟರು. ಆಗ ಬಡ್ಡಿ ಶೇ 11, ಬಹುಮಾನ 550 ರೂಪಾಯಿ. ಆ ಕಾಲಕ್ಕೆ ಅದರಲ್ಲಿ ಒಂದು ಒಳ್ಳೆಯ ರೇಷ್ಮೆ ಸೀರೆಗೆ ಮುಂಗಡವನ್ನಾದರೂ ಕೊಡಬಹುದಿತ್ತು. ಈಗ ಬಡ್ಡಿ ಶೇ 6.5, ಬಹುಮಾನ 325 ರೂಪಾಯಿ. ವೇದಿಕೆಗೆ ಕರೆದು ಲಕೋಟೆ ಕೊಡುವಾಗ ಅತಿಥಿಗಳು ಅದರ ದಪ್ಪ ನೋಡಿ ಮೋಸಹೋಗುತ್ತಾರೆ. ಒಳಗಿರುವುದು ಹೆಚ್ಚಾಗಿ ಪ್ರಶಸ್ತಿಪತ್ರ. ಇಂಥ ದತ್ತಿಗಳು ಕಾಲೇಜಿನಲ್ಲಿ ಹಲವು ಇವೆ.

ಈ ಲೆಕ್ಕವನ್ನು ತರಗತಿಗೆ ಒಯ್ದೆ. ಪ್ರತಿ ವರ್ಷ ಅಸಲಿನ ಶೇ 5ರಷ್ಟು ಮೊತ್ತವನ್ನು ಬಡ್ಡಿಯಿಂದ ತೆಗೆದು ಅಸಲಿಗೆ ಸೇರಿಸುತ್ತ ಬಂದಿದ್ದರೆ ಏನಾಗುತ್ತಿತ್ತು? ಮಕ್ಕಳು ಮೊಬೈಲಿನ ಕ್ಯಾಲ್ಕುಲೇಟರ್ ಒತ್ತಿದರು. ಮೂವತ್ತು ವರ್ಷಕ್ಕೆ ಐದು ಸಾವಿರ ಸುಮಾರು 21,600 ಆಗುತ್ತದೆ. ಇಂದಿನ ಇಳಿದ ದರದಲ್ಲೂ ಬಹುಮಾನ 1,400. ಆದರೆ ಮೊದಲ ವರ್ಷದ ಹುಡುಗಿಗೆ 550ರ ಬದಲು 300 ಮಾತ್ರ ಸಿಗುತ್ತಿತ್ತು. ಇಲ್ಲಿಂದ ವಾದ ಹೊತ್ತಿಕೊಂಡಿತು. ಇನ್ನೂ ಹುಟ್ಟದ ಹುಡುಗಿಗಾಗಿ 1992ರ ಹುಡುಗಿಯ ಕೈಯಿಂದ 250 ರೂಪಾಯಿ ಕಿತ್ತುಕೊಳ್ಳುವುದು ನ್ಯಾಯವೇ? ದಾನಿ ಹಾಗೆ ಬರೆದುಕೊಟ್ಟಿದ್ದರೇ? ಬರೆಯದಿದ್ದರೆ ಆಡಳಿತ ಮಂಡಳಿ ಬದಲಿಸಬಹುದೇ? ಐಚ್ಛಿಕ ಕನ್ನಡದವಳು ದತ್ತಿಪತ್ರದ ಒಂದು ವಾಕ್ಯವನ್ನು ಹಿಡಿದು, 'ಬಡ್ಡಿಯಿಂದ' ಎಂದಿದೆಯೇ ಹೊರತು 'ಪೂರ್ತಿ ಬಡ್ಡಿಯಿಂದ' ಎಂದಿಲ್ಲ ಎಂದಳು. ವಕೀಲರೂ ಅಷ್ಟು ಚೆನ್ನಾಗಿ ಓದುತ್ತಿರಲಿಲ್ಲ. ಹಣದುಬ್ಬರ, ಚಕ್ರಬಡ್ಡಿ, ತಲೆಮಾರುಗಳ ನಡುವಿನ ನ್ಯಾಯ, ಟ್ರಸ್ಟಿಯ ಹೊಣೆ ಎಂಬ ನಾಲ್ಕು ಅಧ್ಯಾಯಗಳು ಒಂದು ಲಕೋಟೆಯಿಂದ ಹೊರಬಂದವು.

ಹಾಗಾದರೆ ಈ ಹಣವನ್ನು ಷೇರಿಗೆ ಹಾಕೋಣವೇ ಎಂದು ಒಬ್ಬ ಕೇಳಿದ. ಧರ್ಮದತ್ತಿ ಟ್ರಸ್ಟುಗಳು ಹಣವನ್ನು ಎಲ್ಲೆಲ್ಲಿ ಇಡಬಹುದು ಎಂದು ಆದಾಯ ತೆರಿಗೆ ಕಾನೂನು ಪಟ್ಟಿ ಮಾಡಿದೆ, ತೆರಿಗೆ ವಿನಾಯಿತಿ ಬೇಕಿದ್ದರೆ ಆ ಪಟ್ಟಿಯೊಳಗೇ ಇರಬೇಕು. ಪೇಟೆಯಲ್ಲಿ ಕಂಪನಿ ಷೇರು ಕೊಳ್ಳುವುದು ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಅವನಿಗೆ ಬೇಸರವಾಯಿತು. ಆದರೆ ಅಂಚೆ ಕಚೇರಿ, ಬ್ಯಾಂಕಿನ ಠೇವಣಿ, ಸರ್ಕಾರಿ ಬಾಂಡುಗಳ ನಡುವೆಯೇ ಅವಧಿ ನೋಡಿ ಹಂಚಿದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ಲೆಕ್ಕ ಹಾಕಿ ತಂದವನೂ ಅವನೇ. ಈಗ ನಾಲ್ವರು ವಿದ್ಯಾರ್ಥಿಗಳ ಸಮಿತಿ ಪ್ರತಿ ವರ್ಷ ಎಲ್ಲ ದತ್ತಿಗಳ ಲೆಕ್ಕ ಬರೆದು, ಯಾವ ಠೇವಣಿ ಯಾವಾಗ ನವೀಕರಿಸಬೇಕು ಎಂಬ ಸಲಹೆಯೊಂದಿಗೆ ಆಡಳಿತ ಮಂಡಳಿಗೆ ಕೊಡುತ್ತದೆ. ಸಹಿ ಮಾಡುವ ಅಧಿಕಾರ ಅವರಿಗಿಲ್ಲ, ಇರಬೇಕಾಗಿಯೂ ಇಲ್ಲ. ನೋಟಿಸ್ ಬೋರ್ಡಿನಲ್ಲಿ ತಮ್ಮ ಹೆಸರಿನ ಕೆಳಗೆ ಲೆಕ್ಕ ಅಂಟಿಸುತ್ತಾರೆ, ತಪ್ಪು ಕಂಡವರು ಬಂದು ಕೇಳುತ್ತಾರೆ.

ನಮ್ಮ ಬಿ.ಎ. ಪಠ್ಯದಲ್ಲಿ ಬಸವಣ್ಣನವರಿದ್ದಾರೆ. ಅವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದರು ಎಂದು ಒಂದು ಅಂಕದ ಪ್ರಶ್ನೆಗೆ ಎಲ್ಲರೂ ಉತ್ತರ ಬರೆಯುತ್ತಾರೆ. ಭಂಡಾರಿ ದಿನವಿಡೀ ಏನು ಮಾಡುತ್ತಿದ್ದ, ಬೇರೆಯವರ ಹಣ ಕೈಯಲ್ಲಿ ಹಿಡಿದವನಿಗೆ ಲೆಕ್ಕದ ಬಗ್ಗೆ ಯಾವ ಭಯವಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ದತ್ತಿ ಸಮಿತಿಯಲ್ಲಿ ಒಂದು ವರ್ಷ ಕೆಲಸ ಮಾಡಿದ ಹುಡುಗಿ ಅದನ್ನು ಕೇಳಿದಳು.

ಇನ್ನು ಆಕ್ಷೇಪಗಳು. ಇದಕ್ಕೆಲ್ಲ ಸಮಯ ಎಲ್ಲಿದೆ ಎನ್ನುತ್ತಾರೆ. ನಿಜ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಪ್ರತಿ ಸಲವೂ ಪಠ್ಯ ಬದಲಾಯಿತು, ಅಂತೂ ಪುಸ್ತಕ ಬರುವ ಹೊತ್ತಿಗೆ ಪರೀಕ್ಷೆ. ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾರ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಅವರಿಗೆ ಗಂಟೆಯ ಲೆಕ್ಕ ಬಿಟ್ಟು ಮಹಾಸಭೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಎಂದು ಹೇಳುವ ಮುಖ ನನಗಿಲ್ಲ. ಹಾಗಾಗಿ ಇದು ಉತ್ಸಾಹಿ ಮೇಷ್ಟರುಗಳ ಪುಕ್ಕಟೆ ಸೇವೆಯಾಗಿ ಉಳಿಯಬಾರದು. ಬಿ.ಎ.ಯಲ್ಲೇ ಭೂಗೋಳಕ್ಕೆ ಪ್ರಾಯೋಗಿಕ ತರಗತಿಯಿದೆ, ಮನೋವಿಜ್ಞಾನಕ್ಕಿದೆ. ಅದಕ್ಕೆ ಬ್ಯಾಚು, ಅವಧಿ, ಅಂಕ, ಕಾರ್ಯಭಾರ ಎಲ್ಲವೂ ಲೆಕ್ಕಕ್ಕಿದೆ. ಅರ್ಥಶಾಸ್ತ್ರಕ್ಕೂ ವಾರಕ್ಕೆ ಎರಡು ಗಂಟೆಯ ಪ್ರಾಯೋಗಿಕ ಅವಧಿ ಕೊಡಿ, ಅದನ್ನು ಉಪನ್ಯಾಸಕರ ಕಾರ್ಯಭಾರದಲ್ಲಿ ಸೇರಿಸಿ. ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಿಗೆ ನನ್ನ ಬೇಡಿಕೆ ಇಷ್ಟೇ. ಪ್ರಯೋಗಶಾಲೆಯ ಉಪಕರಣಕ್ಕೆ ಖರ್ಚೇನೂ ಇಲ್ಲ. ಹುಣಸೆ ಬೀಜ ನಾನೇ ಕೊಡುತ್ತೇನೆ.

ಕಲಾ ವಿಭಾಗದವರು ಮಾರುಕಟ್ಟೆಯನ್ನು ಪ್ರಶ್ನಿಸಬೇಕೇ ಹೊರತು ಅದರ ಗುಮಾಸ್ತರಾಗಬಾರದು ಎಂಬುದು ಇನ್ನೊಂದು ವಾದ, ಹೆಚ್ಚಾಗಿ ನನ್ನ ಆಪ್ತ ಗೆಳೆಯರದೇ. ಓದಲು ಬಾರದ್ದನ್ನು ಪ್ರಶ್ನಿಸುವುದು ಹೇಗೆ? ಶೇ 12 ಎಂದವರ ಮುಂದೆ ಅದು 25 ಎಂದು ತೋರಿಸಬಲ್ಲ ಹುಡುಗಿಗಿಂತ ದೊಡ್ಡ ಪ್ರಶ್ನೆಯನ್ನು ನಾನು ವಿಚಾರ ಸಂಕಿರಣಗಳಲ್ಲಿ ಕೇಳಿಲ್ಲ.

ತುರ್ತು ಇನ್ನೊಂದಿದೆ. ವಿದ್ಯಾರ್ಥಿವೇತನ ನೇರ ಖಾತೆಗೆ ಬರುವುದರಿಂದ ಈಗ ಹೆಚ್ಚಿನ ವಿದ್ಯಾರ್ಥಿಗಳಿಗೆ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯಿದೆ. ಆ ಖಾತೆಯನ್ನು ಕೆಲವು ದಿನಕ್ಕೆ ಬಾಡಿಗೆಗೆ ಕೊಡು, ಐದು ಸಾವಿರ ಕೊಡುತ್ತೇವೆ ಎನ್ನುವವರು ಹಾಸ್ಟೆಲುಗಳ ಸುತ್ತ ಸುಳಿಯುತ್ತಿದ್ದಾರೆ. ಸೈಬರ್ ವಂಚನೆಯ ಹಣ ಹಾಯುವುದು ಇಂಥ ಖಾತೆಗಳ ಮೂಲಕವೇ. ಸಿಕ್ಕಿಬೀಳುವುದು ಖಾತೆಯ ಹೆಸರಿನವನು. ವಂಚನೆಯಾದರೆ 1930ಕ್ಕೆ ಕರೆ ಮಾಡಬೇಕು ಎಂಬ ಪೋಸ್ಟರ್ ಅಂಟಿಸಿ ಕೈತೊಳೆದುಕೊಂಡರೆ ಸಾಲದು. ಒಂದು ಖಾತೆಯ ವಿವರಪಟ್ಟಿಯನ್ನು ಮುಂದಿಟ್ಟು, ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಸಾಲು ಸಾಲಾಗಿ ಓದಿಸಬೇಕು.

ಓದುಗರಲ್ಲಿ ಒಂದು ಕೋರಿಕೆ. ನೀವು ಓದಿದ ಕಾಲೇಜಿನಲ್ಲಿ ನಿಮ್ಮ ಮನೆಯವರ ಹೆಸರಿನಲ್ಲೋ ನಿಮ್ಮ ಮೇಷ್ಟರ ಹೆಸರಿನಲ್ಲೋ ಒಂದು ದತ್ತಿ ಬಹುಮಾನ ಇದ್ದೀತು. ಪ್ರಾಂಶುಪಾಲರಿಗೆ ಒಂದು ಪತ್ರ ಬರೆದು ಅದರ ಅಸಲು ಎಷ್ಟು, ಬಡ್ಡಿ ಎಷ್ಟು, ಯಾವ ಬ್ಯಾಂಕಿನಲ್ಲಿದೆ ಎಂದು ಕೇಳಿ. ಉತ್ತರವನ್ನು ಕಚೇರಿಯ ಗುಮಾಸ್ತರಿಂದ ಬರೆಸಬೇಡಿ, ಎರಡನೇ ಬಿ.ಎ. ಮಕ್ಕಳಿಂದ ಬರೆಸಿ ಕಳಿಸಿ ಎಂದೂ ಸೇರಿಸಿ.